ಸೂಜಿ ಬಿಟ್ಟ ಮೇಲೆ ಇಳಿದದ್ದು

ಅಥವಾ ಆ ಐವತ್ತೆಂಟು ಎಂಬ ಸಂಖ್ಯೆಯನ್ನು ನಾನೇ ಹೇಳಿದ್ದಿರಬಹುದು. ನಾಲ್ಕನೆಯ ಸೂಜಿಗೆ ಹೋದ ದಿನ ನರ್ಸಮ್ಮ ತೂಕದ ಯಂತ್ರವನ್ನು ಲಸಿಕೆ ಶಿಬಿರಕ್ಕೆ ಕಳಿಸಿದ್ದಳು ಎಂಬುದು ಖಚಿತ. ಮೇಜಿನ ಕೆಳಗೆ ಅದು ಇರುತ್ತಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಕಂಡದ್ದು ನೆನಪಿದೆ. ಆಮೇಲೆ ನಡೆದದ್ದು ಮಾತ್ರ ಎರಡು ರೀತಿಯಲ್ಲಿ ನೆನಪಾಗುತ್ತದೆ. ಒಂದರಲ್ಲಿ ಅವಳು ನನ್ನನ್ನು ಕೇಳದೆ, ಹಿಂದಿನ ಸಾಲನ್ನು ನೋಡಿ, ಕಾರ್ಡಿನಲ್ಲಿ ಐವತ್ತೆಂಟು ಎಂದು ಬರೆಯುತ್ತಾಳೆ. ಇನ್ನೊಂದರಲ್ಲಿ, "ಟೀಚರ, ಹೋದ ಸಲದಷ್ಟ ಬರೀಲೇನ್ರಿ?" ಎಂದು ಕೇಳುತ್ತಾಳೆ. ನಾನು "ಹ್ಞೂಂ, ಅಷ್ಟ ಅದ, ಬರೀರಿ" ಎನ್ನುತ್ತೇನೆ. ಇಷ್ಟು ವರ್ಷ ಎಲ್ಲರಿಗೂ ಮೊದಲನೆಯದನ್ನೇ ಹೇಳಿಕೊಂಡು ಬಂದೆ, ಏಕೆಂದರೆ ಅದರಲ್ಲಿ ತಪ್ಪು ಅವಳದು. ಬರೆಯಲು ಕೂತಾಗ ಎರಡನೆಯದು ಎದುರಿಗೆ ಬಂದು ಕೂತಿದೆ, ಎದ್ದು ಹೋಗುತ್ತಿಲ್ಲ.

ನಾನು ಸಗರದ ಸರ್ಕಾರಿ ಶಾಲೆಯಲ್ಲಿ ಟೀಚರ್. ಮನೆ ಶಹಾಪುರದಲ್ಲಿ. ಮನೆಯಲ್ಲಿ ನಾನು, ನನ್ನ ಗಂಡ ಆನಂದ, ಅತ್ತೆ, ಮಗಳು ಮೈತ್ರಿ. ಆನಂದ ಸುರಪುರದ ಕಚೇರಿಯೊಂದರಲ್ಲಿ ಗುಮಾಸ್ತ, ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವವರು. ಮೈತ್ರಿಯನ್ನು ಹೆರುವಾಗ ನಾನು ಎರಡು ದಿನ ಒದ್ದಾಡಿದ್ದೆ. ಇನ್ನೊಂದು ಮಗು ಆಗಲೇಬೇಕೆಂದರೆ ನಾಲ್ಕು ವರ್ಷ ಬಿಟ್ಟು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳುವ ಸೂಜಿ ಇದೆ ಎಂದು ಹೇಳಿದವಳು ಶಾಲೆಯ ಹಿಂದಿನ ಉಪಕೇಂದ್ರದ ಅದೇ ನರ್ಸಮ್ಮ. ಅತ್ತೆಗೆ ಹೇಳುವುದು ಬೇಡ ಎಂದವಳು ನಾನು. "ಮೈತ್ರಿಗೊಂದು ಜೋಡಿ ಬೇಕವಾ" ಎಂದು ಅವರು ವಾರಕ್ಕೊಮ್ಮೆ ಹೇಳುತ್ತಿದ್ದರು. ಪ್ರತಿ ವಾರ ವಾದ ಮಾಡುವ ಶಕ್ತಿ ನನಗಿರಲಿಲ್ಲ.

ನಮ್ಮಲ್ಲಿ ದಿನಗಳನ್ನು ಕಾಲುವೆಯಿಂದ ಹೇಳುತ್ತಾರೆ. ಮೊದಲ ಸೂಜಿ, ಕಾಲುವೆಗೆ ನೀರು ಬಿಟ್ಟು ಹೆಂಗಸರೆಲ್ಲ ನಾಟಿಗೆ ಹೋಗಿ ಶಾಲೆಯಲ್ಲಿ ಮಕ್ಕಳು ಅರ್ಧವಾದ ವಾರ. ನಾಲ್ಕನೆಯದು, ಎರಡನೇ ಬೆಳೆಯ ನೀರು ನಿಲ್ಲುವ ಹೊತ್ತಿಗೆ. ಈ ನಡುವೆ ನಾನು ಐವತ್ತರಿಂದ ಐವತ್ತೆಂಟಕ್ಕೆ ಏರಿದ್ದೆ, ಮುಟ್ಟು ಪೂರ್ತಿ ನಿಂತಿತ್ತು. ಎರಡೂ ಆಗಬಹುದು ಎಂದು ನರ್ಸಮ್ಮ ಮೊದಲೇ ಹೇಳಿದ್ದಳು, ಹಾಗಾಗಿ ಹೆದರಿರಲಿಲ್ಲ. ಮೈ ತುಂಬಿದ್ದಕ್ಕೆ ಮಾತ್ರ ಬೇಸರವಿತ್ತು. ಐದನೆಯ ಸೂಜಿಯ ದಿನ ಬಂದಾಗ ನಾನು ಹೋಗಲಿಲ್ಲ. ಆಗ ಮೈ ಇಳಿಯತೊಡಗಿತ್ತು, ಹಳೆಯ ಸೂಜಿಯ ಬಲ ತೀರಿರಬೇಕು ಎನ್ನಿಸಿತು. ಸೀರೆಯ ನೆರಿಗೆ ಎರಡು ಹೆಚ್ಚಿಗೆ ಬರುತ್ತಿತ್ತು, ಮತ್ತೆ ಸೂಜಿ ಹಾಕಿಸಿದರೆ ಮತ್ತೆ ಊದುತ್ತೇನೆ ಎಂದುಕೊಂಡೆ. ಬಿಟ್ಟದ್ದನ್ನು ಆನಂದರಿಗೂ ಹೇಳಲಿಲ್ಲ. ನಾಳೆ ಹೇಳೋಣ ಎಂದುಕೊಂಡಿರಬೇಕು. ಎಷ್ಟು ನಾಳೆ?

ನನ್ನ ಮೊದಲ ಸಿಟ್ಟು ಹೊಗಳಿದವರ ಮೇಲೆ.

"ಏನ್ರಿ ಸುಜಾತಾ, ಹೀರೋಯಿನ್ ಆಗಾಕತ್ತೀರಿ! ಏನ್ ತಿಂತೀರಿ, ನಮಗೂ ಜರಾ ಹೇಳ್ರಿ," ಎಂದರು ಮೂರನೇ ತರಗತಿಯ ಮೇಡಂ.

"ಎಲ್ಲಾ ತಿಂತೀನ್ರಿ."

"ಸುಳ್ಳ ಹೇಳಬ್ಯಾಡ್ರಿ. ನಾವೇನು ನಿಮ್ಮ ನೌಕರಿ ಕಸ್ಗೋತೀವೇನು?"

ಸುಳ್ಳಲ್ಲ. ಬೆಳಗ್ಗೆ ಮೂರು ಜೋಳದ ರೊಟ್ಟಿ ತಿಂದು ಬಂದವಳು ಮಧ್ಯಾಹ್ನ ಮಕ್ಕಳ ಜೊತೆ ಬಿಸಿಯೂಟಕ್ಕೆ ಕೂರುತ್ತಿದ್ದೆ, ಅಡುಗೆಯವಳು ಕೇಳದೆಯೇ ಎರಡನೇ ಸಲ ಬಡಿಸುತ್ತಿದ್ದಳು. ಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತ, "ಹೊಟ್ಟ್ಯಾಗ ಯಾರನ್ನರ ಬಾಡಿಗಿಗೆ ಇಟ್ಟೀಯೇನ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹೊಗಳಿದವರ ಮೇಲೆ ಸಿಟ್ಟು ಎಂದು ಬರೆದೆ, ಆದರೆ ಆ ದಿನಗಳಲ್ಲಿ ನಾನು ಖುಷಿಯಲ್ಲಿದ್ದೆ. ಮಗಳ ಎತ್ತರಕ್ಕೆ ತೂಗುಹಾಕಿದ್ದ ಕನ್ನಡಿಯಲ್ಲಿ ಬಗ್ಗಿ ಸೊಂಟ ನೋಡಿಕೊಳ್ಳುತ್ತಿದ್ದೆ. ನನ್ನ ಮೈ ನನ್ನನ್ನು ತಿನ್ನುತ್ತಿದ್ದಾಗ ನಾನು ಅದನ್ನು ಸೌಂದರ್ಯ ಎಂದುಕೊಂಡೆ. ಈ ಸಿಟ್ಟನ್ನು ಯಾರ ಮೇಲೆ ಹಾಕಲಿ?

ಕೈ ನಡುಗಲು ಶುರುವಾದದ್ದು ಕಪ್ಪುಹಲಗೆಯ ಮುಂದೆ. ಒತ್ತಕ್ಷರಗಳು ಸೊಟ್ಟಗಾಗುತ್ತಿದ್ದವು. ಆಮೇಲೆ ಎದೆ. ಬಸ್ಸಿನಲ್ಲಿ ಸುಮ್ಮನೆ ಕೂತಾಗಲೂ ಓಡಿ ಬಂದವರ ಎದೆಯಂತೆ ಬಡಿದುಕೊಳ್ಳುತ್ತಿತ್ತು. ಎಲ್ಲರೂ ಹೊದ್ದು ಮಲಗಿದ ಮಳೆಗಾಲದಲ್ಲಿ ನನಗೊಬ್ಬಳಿಗೆ ಬೆವರು. ಕಡೆಗೆ ಶಹಾಪುರದಲ್ಲೇ ಒಂದು ಖಾಸಗಿ ದವಾಖಾನೆಗೆ ಹೋದೆ. ಮೈತ್ರಿಯನ್ನು ಎತ್ತಿಕೊಳ್ಳಲು ನನ್ನ ಕೈಗಳ ಮೇಲೆ ನಂಬಿಕೆ ಇರಲಿಲ್ಲವಾದ್ದರಿಂದ ಅತ್ತೆಯೂ ಬಂದರು.

ಕಾಯುವ ಕೋಣೆಯಲ್ಲಿ ಒಂದೇ ಬೆಂಚು. ಗದ್ದೆಯಿಂದ ನೇರ ಬಂದ ಜ್ವರದವರು, ಕಾಲಿನ ಕೆಸರು ಒಣಗಿ ನೆಲದ ಮೇಲೆ ಉದುರುತ್ತಿತ್ತು. ಎರಡೂವರೆ ಗಂಟೆ ಕಾದೆವು. ಒಳಗಿದ್ದದ್ದು ಎಷ್ಟು ಹೊತ್ತು? ಮೈತ್ರಿ ಒಂದು ಬಿಸ್ಕತ್ತು ತಿಂದು ಮುಗಿಸುವಷ್ಟು.

ತಕ್ಕಡಿ ನಲವತ್ತೆಂಟು ತೋರಿಸಿತು. "ಮೊದಲ ಎಷ್ಟಿತ್ತು? ಏನರ ಔಷಧಿ ತೊಗೋತಿದ್ರಿ?" ಎಂದು ಡಾಕ್ಟರ್ ಕೇಳಿದರು. ಅತ್ತೆ ಪಕ್ಕದಲ್ಲೇ ನಿಂತಿದ್ದರು. ನಾನು ಪರ್ಸಿನಿಂದ ಕಾರ್ಡನ್ನು ಮಡಚಿಯೇ ಕೊಟ್ಟೆ. ಅವರು ಬಿಡಿಸಿ ಗಟ್ಟಿಯಾಗಿ ಓದಿದರು.

"ಓ, ಮೂರು ತಿಂಗಳ ಸೂಜಿ. ಕಡೀ ಸೂಜಿಗೆ ಐವತ್ತೆಂಟು ಇದ್ರಿ. ನೋಡ್ರಿ, ಈ ಸೂಜಿ ಮೈಯಾಗ ನೀರು ತುಂಬ್ತದ. ಬಿಟ್ಟಿರಿ, ನೀರು ಇಳದದ. ಕಾಲುವಿ ಗೇಟ್ ಬಂದ್ ಮಾಡಿದಂಗ. ಇಷ್ಟಕ್ಕ ಯಾಕ ಫಿಕರ್ ಮಾಡ್ತೀರಿ?"

"ಕೈ ನಡುಗ್ತಾವ್ರಿ. ಎದಿ ಓಡ್ತದ."

"ಅಂಜಿಕಿಗೆ ನಡುಗ್ತಾವ. ಟೀಚರ್ ಆಗಿ ನೀವ ಅಂಜಿದ್ರ ಹುಡುಗರು ಏನ್ ಮಾಡಬೇಕು?"

ನಾನು ನಕ್ಕೆ. ಅದನ್ನು ಕ್ಷಮಿಸಲಾರೆ, ಅವರ ಮಾತಿಗಿಂತ ನನ್ನ ಆ ನಗುವನ್ನು. ಸೂಜಿಗೆ ಮೊದಲು ನಾನಿದ್ದದ್ದು ಐವತ್ತು. ನೀರು ಇಳಿದರೆ ಐವತ್ತಕ್ಕೆ ನಿಲ್ಲಬೇಕು, ಅದರ ಕೆಳಗೆ ಹೋದದ್ದು ಯಾವ ನೀರು? ಎರಡನೇ ತರಗತಿಯ ಕಳೆಯುವ ಲೆಕ್ಕ ಅದು. ಅದನ್ನು ಕಲಿಸುವುದೇ ನನ್ನ ಕೆಲಸ. ಕೇಳಲಿಲ್ಲ. ಅವರು ಟಾನಿಕ್ ಬರೆದರು.

ಬಾಗಿಲಾಚೆ ಬಂದ ಕೂಡಲೇ ಅತ್ತೆ ನಿಂತರು. "ಯಾವ ಸೂಜಿ?"

ನಾನು ಹೇಳಿದೆ.

"ಆ ನರ್ಸಿಗೆ ಗೊತ್ತು. ಈ ಡಾಕ್ಟರಿಗೆ ಗೊತ್ತು. ಒಂದ ಮನ್ಯಾಗ ನಿನಗ ರೊಟ್ಟಿ ಬಡದು ಹಾಕೋ ನನಗ ಗೊತ್ತಿಲ್ಲ," ಎಂದರು. ಬೈಯಲಿಲ್ಲ. ಮೈತ್ರಿಯನ್ನು ಎತ್ತಿಕೊಂಡು ನನ್ನ ಮುಂದೆ ಮುಂದೆ ನಡೆದರು. ಮನೆಯವರೆಗೂ ನನ್ನ ಕಣ್ಣ ಮುಂದೆ ಅವರ ಬೆನ್ನು.

ಸಂಜೆ ಆನಂದ ಕೇಳಿದ್ದು ಬೇರೆ. "ಐದನೇದು ಹಾಕ್ಸಿಲ್ಲೇನ? ಎಷ್ಟ್ ತಿಂಗಳಾತು? ನನಗ್ಯಾಕ ಹೇಳಲಿಲ್ಲ?" ಅವರು ಕೂಗಿದರು ಎಂದು ನನ್ನ ನೆನಪು. ಈ ಬರಹವನ್ನು ಓದಿದ ಅವರು, ತಾವು ಕೂಗಲಿಲ್ಲ, ಹೆದರಿದ್ದಷ್ಟೇ ಎನ್ನುತ್ತಾರೆ. ಎರಡನ್ನೂ ಬರೆಯುತ್ತೇನೆ, ಯಾವುದನ್ನೂ ಅಳಿಸುವುದಿಲ್ಲ.

ರಕ್ತ ಹೋದದ್ದು ಇದಾದ ಎಷ್ಟು ದಿನಕ್ಕೆ? ಭತ್ತ ಕಟಾವಿಗೆ ಬಂದಿತ್ತು ಎಂದು ನನಗೆ ನೆನಪು. ಆನಂದ, ಇನ್ನೂ ತೆನೆ ಹಸಿರಿತ್ತು ಎನ್ನುತ್ತಾರೆ. ಸೂಜಿ ಬಿಟ್ಟ ಮೇಲೆ ಒಮ್ಮೆ ಮಾತ್ರ ಮುಟ್ಟು ಆಗಿತ್ತು, ಆಮೇಲೆ ಎರಡು ತಿಂಗಳು ಇಲ್ಲ. ಅಥವಾ ಎರಡೂವರೆ. ಕೊನೆಯ ಪಿರಿಯಡ್‌ನಲ್ಲಿ ಪದ್ಯ ಓದಿಸುತ್ತಿದ್ದಾಗ ಕೆಳಹೊಟ್ಟೆ ಹಿಂಡಿತು. ಮಕ್ಕಳನ್ನು ಆಡಲು ಬಿಟ್ಟು ಕುರ್ಚಿಯಲ್ಲೇ ಕೂತೆ. ಎಲ್ಲರೂ ಹೋಗುವವರೆಗೂ ಏಳಲಿಲ್ಲ. ಏಳುವಂತಿರಲಿಲ್ಲ. ಬಿಸಿಯೂಟದ ಅಡುಗೆಯವಳು ಬಂದು, ಕುರ್ಚಿಯನ್ನೂ ನನ್ನನ್ನೂ ನೋಡಿ, ಏನೂ ಕೇಳದೆ ತನ್ನ ಹಳೆಯ ಸೀರೆಯೊಂದನ್ನು ತಂದು ಕೊಟ್ಟಳು. ಕುರ್ಚಿಯನ್ನು ಅವಳೇ ತೊಳೆದಳು. ಮರುದಿನ ಶಾಲೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷದಲ್ಲಿ ನನಗೆ ಸಿಕ್ಕ ಕರುಣೆಗಳಲ್ಲಿ ಅದು ಮೊದಲನೆಯದು.

ಹನ್ನೊಂದು ದಿನ ರಕ್ತ ಹೋಯಿತು. ಮೂರನೇ ದಿನ ಅದೇ ಡಾಕ್ಟರ ಬಳಿ ಹೋದೆವು. ಈ ಸಲ ಅವರು ಕಾರ್ಡನ್ನೂ ಕೇಳಲಿಲ್ಲ. "ಸೂಜಿ ಬಿಟ್ಟಾಗ ಹಂಗ ಆಗ್ತದ್ರಿ, ನಾ ಹೇಳಿದ್ನಲ್ಲ?" ಎಂದು ರಕ್ತ ನಿಲ್ಲುವ ಗುಳಿಗೆ ಬರೆದರು. ಅವರು ಹಾಗೆ ಹೇಳಿರಲಿಲ್ಲ. ಒಂದು ಬಾಟಲಿ ಮೂತ್ರ ಕೇಳಬಹುದಿತ್ತು. ಹೊಟ್ಟೆ ಮುಟ್ಟಿ ನೋಡಬಹುದಿತ್ತು. ಅವರಿಗೆ ಉತ್ತರ ಸಿಕ್ಕಿತ್ತು, ಆದ್ದರಿಂದ ನಾನು ಬೇಕಿರಲಿಲ್ಲ. ಆಮೇಲೆ ಆನಂದ ಸುರಪುರದಲ್ಲಿ ಒಬ್ಬ ಲೇಡಿ ಡಾಕ್ಟರಿಗೆ ತೋರಿಸಿದರು. ಆಕೆಯೂ ಸೂಜಿ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮುಂದಿನದು ಕೇಳಲಿಲ್ಲ. ಕಬ್ಬಿಣದ ಗುಳಿಗೆ, ಹಾಲು, ಬೆಲ್ಲ, ಸೊಪ್ಪು. ನಾನು ಅಷ್ಟು ಹೊತ್ತಿಗೆ ಎಮ್ಮೆಯಷ್ಟು ತಿನ್ನುತ್ತಿದ್ದೆ.

ಕೊರಳಿನ ಕೆಳಗಿನ ಎಲುಬುಗಳು ಎದ್ದು ಕಾಣತೊಡಗಿದಾಗ ನನಗೆ ನಾಚಿಕೆಯಾಯಿತು. ಹೀರೋಯಿನ್ ಎಂದವರು ಈಗ "ಮನ್ಯಾಗ ಏನರ ತ್ರಾಸ ಅದೇನ್ರಿ?" ಎಂದು ಕೇಳುತ್ತಿದ್ದರು. ಎಲುಬು ಮುಚ್ಚಬೇಕೆಂದು ಕಾಲರ್ ಇರುವ ಕುಪ್ಪಸ ಹೊಲಿಸಲು ದೇವಕ್ಕನ ಬಳಿ ಹೋದೆ.

ದೇವಕ್ಕನ ಅಂಗಡಿ ಎಂದರೆ ಅವಳ ಮನೆಯ ಮುಂಗೋಣೆ, ಒಂದು ಹೊಲಿಗೆ ಯಂತ್ರ, ಗೋಡೆಗೆ ಕ್ಯಾಲೆಂಡರು. ಪ್ರತಿ ಹೆಂಗಸಿಗೂ ಅಳತೆ ಬರೆಯುವ ವಹಿಯಲ್ಲಿ ಒಂದು ಪುಟ ಇಟ್ಟಿದ್ದಾಳೆ, ಮದುವೆಯ ಕುಪ್ಪಸದಿಂದ ಹಿಡಿದು. ಹೊಲಿಯುವಾಗ ಎರಡೂ ಪಕ್ಕ ಒಳಗೆ ಎರಡೆರಡು ಬೆರಳು ಬಟ್ಟೆ ಬಿಟ್ಟಿರುತ್ತಾಳೆ, ಬಾಣಂತನವಾದ ಮೇಲೆ ಬಿಚ್ಚಿ ದೊಡ್ಡದು ಮಾಡಲಿಕ್ಕೆ. ಅಂದು ನನ್ನ ಎದೆಯ ಸುತ್ತ ಟೇಪು ಹಿಡಿದವಳು ಬಿಡಲಿಲ್ಲ.

"ಟೀಚರ, ಇಪ್ಪತ್ತು ವರ್ಷ ಆತು ಹೊಲ್ಯಾಕತ್ತು. ನನ್ನ ಬಲ್ಲಿ ಕುಬಸ ಬಿಡ್ಸಾಕ ಬರ್ತಾರ, ಹಿಡ್ಸಾಕ ಯಾರೂ ಬರೂದಿಲ್ಲ. ನೀವ ಮೊದಲನೇರು."

"ಸೂಜಿ ಹಾಕ್ಸಿಗೊಂಡಿದ್ದೆ ದೇವಕ್ಕ. ಬಿಟ್ಟೆ. ಅದಕ್ಕ ಇಳದೀನಂತ."

"ಯಾವಾಗ ಬಿಟ್ಟಿರಿ?"

"ಕಾಲುವಿಗೆ ನೀರು ಬರೋ ಮುಂದ."

ಅವಳು ವಹಿ ತೆರೆದು ಪುಟ ತಿರುವಿದಳು. ಬುದ್ಧ ಪೂರ್ಣಿಮೆಗೆ ನಾವು ಬಿಳಿ ಉಡುತ್ತೇವೆ. ಆ ವರ್ಷ ಅವಳು ಹೊಲಿದ ಬಿಳಿ ಕುಪ್ಪಸ ಜೋಲುಬಿದ್ದು, ಪಿನ್ನು ಹಾಕಿಕೊಂಡು ಹೋಗಿದ್ದೆ. "ಈ ಬಿಳೇದು ಬ್ಯಾಸಗ್ಯಾಗ. ಆವಾಗ್ಲೇ ನಿಮ್ಮ ಅಳತಿ ಒಂದೂವರಿ ಇಂಚು ಕಮ್ಮಿ ಬಂದಿತ್ತು. ನಾ ಏನ್ ಮಾಡಿದೆ ಗೊತ್ತೇನ್ರಿ? ಟೇಪು ಜಾರಿರಬೇಕು ಅಂತ ಹಳೇ ಅಳತಿಗೇ ಕತ್ತರಿಸಿದೆ. ನನ್ನ ಕೈಗೆ ಬೆಂಕಿ ಹಚ್ಚ."

ಆಗ ಬೇಸಿಗೆ, ಸೂಜಿಯ ಮೂರು ತಿಂಗಳು ಇನ್ನೂ ಮುಗಿದಿರಲಿಲ್ಲ. ಅಂದರೆ ನಾನು ಸೂಜಿ ಬಿಡುವ ಮೊದಲೇ ಇಳಿಯುತ್ತಿದ್ದೆ. ಗೇಟು ತೆರೆದಿರುವಾಗಲೇ ನೀರು ಇಳಿಯುತ್ತಿತ್ತು. ತೂಗದೆ ಐವತ್ತೆಂಟು ಬರೆದ ನರ್ಸಮ್ಮನ ಕಾರ್ಡು ಇದನ್ನು ಹೇಳಲಿಲ್ಲ, ದೇವಕ್ಕನ ಪುಟ ಹೇಳಿತು.

ಅವಳು ಕಾಲರಿಗಾಗಿ ಕೊರಳಿಗೆ ಟೇಪು ಸುತ್ತಿದಳು. ಬಿಚ್ಚಿದಳು. ಮತ್ತೆ ಸುತ್ತಿದಳು. ಎರಡು ವರ್ಷದ ಹಿಂದೆ ತರಬೇತಿಗೆ ಹೋಗುವಾಗ ನಾನು ಒಂದು ಕಾಲರ್ ಕುಪ್ಪಸ ಹೊಲಿಸಿದ್ದೆ, ಆ ಅಳತೆ ಅದೇ ಪುಟದಲ್ಲಿತ್ತು.

"ಎದಿ ಇಳದದ. ತೋಳು ಇಳದದ. ನಡ ಇಳದದ. ಕೊಳ್ಳು ಯಾಕ ಏರ್ಯಾದ್ರಿ?"

ಎಂದು ಕೈಯಿಂದ ನನ್ನ ಕೊರಳನ್ನು ಮುಂದಿನಿಂದ ಮುಟ್ಟಿದಳು. ನನ್ನ ಕೈಯನ್ನೂ ಹಿಡಿದು ಅಲ್ಲಿ ಇಟ್ಟಳು. ಮೆತ್ತಗೆ, ಬೆಚ್ಚಗೆ, ಏನೋ ಇತ್ತು. ನುಂಗಿದಾಗ ಅದು ಮೇಲೆ ಹೋಗಿ ಕೆಳಗಿಳಿಯಿತು. ದಿನಾ ಮುಖ ತೊಳೆದ ಕೈ ನನ್ನದು, ಇಷ್ಟು ದಿನ ಏನು ಮಾಡುತ್ತಿತ್ತು?

"ಈ ಕುಬಸ ನಾ ಹೊಲಿಯೂದಿಲ್ಲ," ಎಂದಳು ದೇವಕ್ಕ. "ಮೊದಲ ಯಾದಗಿರಿಗೆ ಹೋಗಿ ತೋರ್ಸ್ರಿ. ಬಟ್ಟಿ ನನ್ನ ಬಲ್ಲೇ ಇರಲಿ. ಕೊಟ್ರ ನೀವು ಬ್ಯಾರೆ ಕಡೆ ಹೊಲ್ಸಿ ಮುಚ್ಚಿಗೋತೀರಿ."

ಯಾದಗಿರಿಗೆ ಹೋಗುವ ದಿನ, ಎರಡು ತಿಂಗಳಿಂದ ಅಷ್ಟಕ್ಕಷ್ಟೇ ಮಾತಾಡುತ್ತಿದ್ದ ಅತ್ತೆ ತಾವೇ ಚೀಲ ಹಿಡಿದು ಹೊರಟರು. ಆನಂದ "ನಾ ಹೋಗ್ತೀನವಾ" ಎಂದರೆ, "ನೀ ಹೋಗಿ ಏನ್ ಮಾಡ್ತಿ? ಡಾಕ್ಟರ್ ಹೇಳಿದ್ದಕ್ಕೆಲ್ಲಾ ಹ್ಞೂಂ ಅಂತಿ" ಎಂದರು. ಭೀಮಾ ನದಿಯ ಸೇತುವೆಯ ಮೇಲೆ ಬಸ್ಸು ಕುಲುಕಾಡಿದಾಗ ನನ್ನ ಮಣಿಕಟ್ಟು ಹಿಡಿದರು. ಸೇತುವೆ ದಾಟಿದ ಮೇಲೂ ಬಿಡಲಿಲ್ಲ. ದವಾಖಾನೆಯಲ್ಲಿ ಯಾರೋ ನಡುವೆ ನುಗ್ಗಲು ಬಂದಾಗ ಬಾಗಿಲಿಗೆ ಕಾಲು ಅಡ್ಡ ಇಟ್ಟರು. "ಯಪ್ಪಾ, ಮುಂಜಾನಿಂದ ಇಲ್ಲಿ ಕುಂತವರು ನಾವೇನು ಗ್ವಾಡ್ಯಾಗಿನ ಚಿತ್ರ ಏನು?"

ಒಳಗಿದ್ದ ಡಾಕ್ಟರ್ ವಯಸ್ಸಾದ ಹೆಂಗಸು. ನಾನು ಅಭ್ಯಾಸಬಲದಿಂದ ಕಾರ್ಡು ಕೊಡಲು ಹೋದೆ. "ಅದು ಆಮ್ಯಾಲ. ಮೊದಲ ಕೈ ಚಾಚವಾ," ಎಂದರು. ಚಾಚಿದ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಪಟಪಟನೆ ಅದುರಿತು. ನಾವು ಮೂವರೂ ಅದನ್ನು ನೋಡುತ್ತ ಕೂತೆವು. ಆಮೇಲೆ ಹಿಂದೆ ಬಂದು ನಿಂತು ಕೊರಳು ಮುಟ್ಟಿ, ನೀರು ಕುಡಿಸಿ, ನುಂಗು ಎಂದರು. ಒಂದೊಂದು ಪ್ರಶ್ನೆಗೂ ನನ್ನ ಉತ್ತರ ಮುಗಿಯುವವರೆಗೆ ಸುಮ್ಮನಿದ್ದರು. ನನಗೆ ಅಳು ಬಂದದ್ದು ಅದಕ್ಕೆ.

ತಕ್ಕಡಿಯಲ್ಲಿ ನಾನು ನಲವತ್ತೊಂದು. ರಕ್ತ ಕಲಬುರಗಿಗೆ ಹೋಗಿ, ವಾರದ ಮೇಲೆ ಕಾಗದ ಬಂತು. ಕೊರಳಿನ ಗ್ರಂಥಿ ಹದ ಮೀರಿ ಕೆಲಸ ಮಾಡುತ್ತಿತ್ತು, ಥೈರಾಯ್ಡು.

"ಅದು ಬಂದ್ರ ದಪ್ಪ ಆಗ್ತಾರಂತಲ್ರಿ?" ಎಂದರು ಅತ್ತೆ.

"ಕಮ್ಮಿ ಆದ್ರ ದಪ್ಪ. ಜಾಸ್ತಿ ಆದ್ರ ಹಿಂಗ."

"ಸೂಜಿಯಿಂದ ಬಂತೇನ್ರಿ?"

"ಹಂಗ ಅನ್ನಾಕ ನನಗ ಕಾರಣ ಕಾಣೂದಿಲ್ಲ. ಸೂಜಿ ಹಾಕ್ಸಿಗೊಳ್ಳದಿದ್ರೂ ಬರ್ತಿತ್ತು ಅನಸ್ತದ." ಅತ್ತೆ ತಲೆ ತಗ್ಗಿಸಿದರು. ಡಾಕ್ಟರ್ ನನ್ನ ಕಡೆ ತಿರುಗಿ, "ಗುಳಿಗಿ ಮೈಗೆ ಹತ್ತೂ ತನಕ ಬಸರಾಗೂದು ಬ್ಯಾಡ ನೋಡವಾ," ಎಂದರು.

"ಹಂಗಾರ ಏನ್ ಮಾಡ್ಬೇಕ್ರಿ?"

"ಅದ ಸೂಜಿ ಹಾಕ್ಸಿಗೋ."

ಮೊದಲು ನಕ್ಕವರು ಅತ್ತೆ. ಬಾಯಿಗೆ ಸೆರಗು ಅಡ್ಡ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು.

ಗುಳಿಗೆಯಿಂದ ನಡುಕ ನಿಂತಿತು. ಒತ್ತಕ್ಷರ ನೆಟ್ಟಗಾದವು. ಕೂದಲು ಬಾಚಣಿಕೆ ತುಂಬ ಉದುರಿತು, ಮತ್ತೆ ಬಂತು. ತೂಕ ಒಂದೊಂದೇ ಕಿಲೋ ತಿರುಗಿ ಬಂತು. "ಯಾಕ್ರಿ ಸುಜಾತಾ, ಮತ್ತ ದಪ್ಪ ಆದ್ರಲ್ಲ!" ಎಂದರು ಮೂರನೇ ತರಗತಿಯ ಮೇಡಂ. ಈ ಸಲ ನಾನು ನಗಲಿಲ್ಲ. ಅವರ ಕೈ ಹಿಡಿದು ನನ್ನ ಕೊರಳ ಮೇಲೆ ಇಟ್ಟು, ನುಂಗಿ ತೋರಿಸಿದೆ. ಅವರು ಕೈ ಎಳೆದುಕೊಂಡರು.

ಎಲ್ಲಕ್ಕಿಂತ ದೊಡ್ಡ ಸಿಟ್ಟು ಆಮೇಲಿನದು. ನಾನು ಔಷಧಿ ತೆಗೆದುಕೊಳ್ಳುತ್ತಿದ್ದಾಗ ನನ್ನ ಕಥೆ ನನ್ನನ್ನು ಬಿಟ್ಟು ಊರಲ್ಲಿ ನಡೆದಾಡುತ್ತಿತ್ತು. ಸೂಜಿ ಹಾಕಿಸಿಕೊಂಡು ಟೀಚರ್ ಎಲುಬಾದಳು ಎಂಬ ಕಥೆ. ನಾಗಮ್ಮ ಎಂಬವಳು ನನ್ನ ಇಬ್ಬರು ವಿದ್ಯಾರ್ಥಿಗಳ ತಾಯಿ, ಗದ್ದೆ ಕೂಲಿ ಮಾಡುತ್ತಾಳೆ. ಒಂದು ದಿನ ಶಾಲೆಯ ಕಟ್ಟೆಗೆ ಬಂದು ಕೂತಳು. ಹೊಟ್ಟೆ ಆರು ತಿಂಗಳದ್ದು.

"ನಿಮ್ಮನ್ನ ನೋಡಿ ಅಂಜಿ ಸೂಜಿ ಬಿಟ್ಟೆ ಟೀಚರ. ಇದು ನಾಲ್ಕನೇದು. ನನಗ ಬೇಕಾಗಿರಲಿಲ್ಲ."

"ಸೂಜಿಯಿಂದ ಅಲ್ಲ ನಾಗಮ್ಮ. ಅದು ಬ್ಯಾರೆ ರೋಗ."

"ಈಗ ಹೇಳ್ತೀರಿ."

ಅವಳು ಹೇಳಿದ್ದು ಸರಿ. ಅದಕ್ಕೇ ಬರೆಯುತ್ತಿದ್ದೇನೆ. ಸೂಜಿ ಒಳ್ಳೆಯದು ಎಂದೋ ಕೆಟ್ಟದ್ದು ಎಂದೋ ಹೇಳಲು ಅಲ್ಲ, ಆ ಅಧಿಕಾರ ನನಗಿಲ್ಲ. ಮೈ ಇಳಿಯುತ್ತಿದ್ದರೆ, ಯಾರು ಏನೇ ಕಾರಣ ಕೊಡಲಿ, ನಿಮ್ಮನ್ನು ಮುಟ್ಟಿ ನೋಡುವವರು ಸಿಗುವ ತನಕ ಸುಮ್ಮನಾಗಬೇಡಿ ಎನ್ನಲು. ಮತ್ತು ಡಾಕ್ಟರ ಮುಂದೆ ನನ್ನಂತೆ ನಗಬೇಡಿ.

ಆ ಹನ್ನೊಂದು ದಿನದ ಬಗ್ಗೆ ಮನೆಯಲ್ಲಿ ನಾವು ಮೂವರೂ ಬೇರೆ ಬೇರೆ ನಂಬಿದ್ದೇವೆ. ಸೂಜಿ ಬಿಟ್ಟಾಗ ಹಾಗೆ ಆಗುತ್ತದೆ, ಅಷ್ಟೇ ಎಂದು ಆನಂದ ನಂಬಿದ್ದಾರೆ. ನಂಬಲು ಅವರಿಗೆ ಅದು ಬೇಕು. ಅದು ಮೈತ್ರಿಯ ಜೋಡಿ ಎಂದು ಅತ್ತೆ ನಂಬಿದ್ದಾರೆ. ಒಮ್ಮೆ ಮಾತ್ರ, ಅಕ್ಕಿ ಆರಿಸುತ್ತ, "ಹೋತು ಬಿಡವಾ ಅದು" ಎಂದರು, ಮತ್ತೆಂದೂ ಆ ಮಾತೆತ್ತಲಿಲ್ಲ. ಯಾದಗಿರಿಯ ಡಾಕ್ಟರನ್ನು ನಾನು ಒಬ್ಬಳೇ ಇದ್ದಾಗ ಕೇಳಿದ್ದೆ. ಎರಡೂ ಆಗಿರಬಹುದು, ನಿನ್ನ ರೋಗದಲ್ಲಿ ಬಸಿರು ನಿಲ್ಲದೆಯೂ ಹೋಗುತ್ತದೆ, ಮುಟ್ಟು ತಪ್ಪಿ ಬರುವುದೂ ಉಂಟು, ಆ ವಾರ ಯಾರಾದರೂ ನೋಡಿದ್ದರೆ ಹೇಳಬಹುದಿತ್ತು, ಈಗ ಹೇಳಲಾಗದು ಎಂದರು.

ನನ್ನ ನಂಬಿಕೆ ಏನು ಎಂದು ಬರೆಯಬೇಕೆಂದು ಈ ಸಾಲನ್ನು ಮೂರು ಸಲ ಬರೆದು ಅಳಿಸಿದೆ. ಕೆಲವು ದಿನ ಒಂದು, ಕೆಲವು ದಿನ ಇನ್ನೊಂದು. ಅಂದು ನನ್ನ ಮೈಯಿಂದ ಹೋದದ್ದು ಏನು ಎಂದು ನನಗೆ ಗೊತ್ತಿಲ್ಲ.